ಮರುಸ್ಥಾಪನೆ ಇಲ್ಲದೆ ಪ್ರಾಕ್ಸ್‌ಮಾಕ್ಸ್ ಸರ್ವರ್‌ನ ಡಿಸ್ಕ್ ಹಂಚಿಕೆ ಬದಲಿಸುವುದು ಹೇಗೆ?

ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಯಂತ್ರಗಳನ್ನು (ವಿಎಂ) ಓಡಿಸುವ ಪ್ರಾಕ್ಸ್‌ಮಾಕ್ಸ್ ವಿಇ ಸ್ಥಾಪಿಸುವ ದಿನ ಡಿಸ್ಕ್ ಆಯ್ಕೆಯ ಪರದೆಯ ಮುಂದೆ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಡಿಸ್ಕ್ ಆರಿಸಿ ಮುಂದಕ್ಕೆ ಒತ್ತುತ್ತೇವೆ, ಉಳಿದದ್ದನ್ನು ಸ್ಥಾಪಕವೇ ನಿರ್ಧರಿಸುತ್ತದೆ. ವರ್ಷವೊಂದು ಕಳೆದು ಹತ್ತಾರು ವಿಎಂಗಳು ಅದರ ಮೇಲೆ ಓಡುತ್ತಿರುವಾಗ, ಸರ್ವರ್‌ನ ಸ್ವಂತ ವ್ಯವಸ್ಥೆಯಿರುವ ಭಾಗವಾದ ರೂಟ್ ತುಂಬಿ ವೆಬ್ ಪುಟದ ಲಾಗಿನ್ ಕೂಡ ಕೈಕೊಟ್ಟಾಗ, ಆ ದಿನದ ನಿರ್ಧಾರ ನೆನಪಾಗುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯವಿರುವುದಿಲ್ಲ.

ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ಮತ್ತು ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಮೇಲೆ ಸ್ಥಾಪನೆಯಾದ, ಒಂದೇ ಡಿಸ್ಕ್ ಅಥವಾ ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಒಂದೇ ರೇಡ್ ಸಮೂಹವಿರುವ ಸರ್ವರನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದರ ಬದಲು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಆಯ್ದುಕೊಂಡವರಿಗೆ ಈ ಸಮಸ್ಯೆ ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಅಲ್ಲಿ ರೂಟ್ ಮತ್ತು ವಿಎಂಗಳು ಒಂದೇ ಪೂಲ್‌ನ ಜಾಗವನ್ನು ಹಂಚಿಕೊಳ್ಳುತ್ತವೆ. ಆಜ್ಞೆಗಳ ಹೆಸರುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಇವನ್ನು ನಕಲು ಮಾಡಿ ಟರ್ಮಿನಲ್‌ನಲ್ಲಿ ಅಂಟಿಸಲು ಬರುವುದಿಲ್ಲ, ಮತ್ತು ಈ ಕೆಲಸದಲ್ಲಿ ಅದು ಒಳ್ಳೆಯದೇ. ಪ್ರತಿಯೊಂದು ಆಜ್ಞೆಯನ್ನೂ ಅದರ ಕೈಪಿಡಿ ಪುಟದಲ್ಲಿ ಒಮ್ಮೆ ಓದಿ, ನಿಮ್ಮ ಸರ್ವರ್‌ನ ಹೆಸರುಗಳನ್ನು ಹಾಕಿ ಕೈಯಾರೆ ಟೈಪ್ ಮಾಡಿ.

ಈಗಿರುವ ಹಂಚಿಕೆಯನ್ನು ಓದಿಕೊಳ್ಳಿ

ಸ್ಥಾಪಕವು ಡಿಸ್ಕ್ ಮೇಲೆ ಮೂರು ಪಾರ್ಟಿಷನ್‌ಗಳನ್ನು ಮಾಡುತ್ತದೆ. ಮೊದಲನೆಯದು ಹಳೆಯ ಬಯೋಸ್ ಬೂಟ್‌ಗೆಂದು ಸುಮಾರು 1 ಎಂಬಿ, ಎರಡನೆಯದು ಇಎಫ್‌ಐ ಬೂಟ್‌ಗೆ, ಮೂರನೆಯದು ಉಳಿದ ಇಡೀ ಡಿಸ್ಕ್. ಮೂರನೆಯ ಪಾರ್ಟಿಷನ್ ಪೂರ್ತಿಯಾಗಿ ಎಲ್‌ವಿಎಂನ ಫಿಸಿಕಲ್ ವಾಲ್ಯೂಮ್ ಆಗಿರುತ್ತದೆ. ಅದರ ಮೇಲೆ ಪಿವಿಇ ಎಂಬ ವಾಲ್ಯೂಮ್ ಗ್ರೂಪ್, ಅದರೊಳಗೆ ರೂಟ್, ಸ್ವಾಪ್ (ಮೆಮರಿ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಮತ್ತು ಡೇಟಾ ಎಂಬ ಮೂರು ಲಾಜಿಕಲ್ ವಾಲ್ಯೂಮ್‌ಗಳು ಇರುತ್ತವೆ. ಡೇಟಾ ಎನ್ನುವುದು ಥಿನ್ ಪೂಲ್, ಅಂದರೆ ಬರೆದಷ್ಟಕ್ಕೆ ಮಾತ್ರ ಜಾಗ ಕೊಡುತ್ತಾ ಹೋಗುವ ಸಾಮೂಹಿಕ ಸಂಗ್ರಹ. ವಿಎಂಗಳ ಡಿಸ್ಕ್‌ಗಳು ಅದರೊಳಗೆ ಹುಟ್ಟುತ್ತವೆ, ಮತ್ತು ವೆಬ್ ಪುಟದಲ್ಲಿ ಅದು ಲೋಕಲ್-ಎಲ್‌ವಿಎಂ ಎಂಬ ಹೆಸರಿನಲ್ಲಿ ಕಾಣಿಸುತ್ತದೆ.

1 ಟಿಬಿ ಡಿಸ್ಕ್‌ನಲ್ಲಿ (ಎಲ್‌ವಿಎಂ ಲೆಕ್ಕದಲ್ಲಿ ಸುಮಾರು 931 ಜಿಬಿ) ಏನನ್ನೂ ಬದಲಿಸದೆ ಸ್ಥಾಪಿಸಿದರೆ ರೂಟ್‌ಗೆ 96 ಜಿಬಿ, ಸ್ವಾಪ್‌ಗೆ ಹೆಚ್ಚೆಂದರೆ 8 ಜಿಬಿ, ಡೇಟಾಗೆ ಸುಮಾರು 794 ಜಿಬಿ ಸಿಗುತ್ತದೆ, ಮತ್ತು 16 ಜಿಬಿ ಯಾರಿಗೂ ಸೇರದೆ ವಾಲ್ಯೂಮ್ ಗ್ರೂಪ್‌ನಲ್ಲಿ ಖಾಲಿ ಉಳಿಯುತ್ತದೆ. ಈ 16 ಜಿಬಿಯನ್ನು ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಇನ್ನೂ 16 ಜಿಬಿಯಷ್ಟು ಕಾಣೆಯಾಗಿದೆ ಎನಿಸಬಹುದು. ಅದರಲ್ಲಿ ಅರ್ಧ ಥಿನ್ ಪೂಲ್‌ನ ಮೆಟಾಡೇಟಾ (ಯಾವ ತುಂಡು ಯಾವ ಡಿಸ್ಕಿನದು ಎಂಬ ಲೆಕ್ಕ), ಇನ್ನರ್ಧ ಆ ಮೆಟಾಡೇಟಾ ಕೆಟ್ಟರೆ ದುರಸ್ತಿಗೆಂದು ಎಲ್‌ವಿಎಂ ಕಾದಿಟ್ಟ ಜಾಗ. ಎಲ್‌ವಿಎಸ್ ಆಜ್ಞೆಗೆ ಎಲ್ಲವನ್ನೂ ತೋರಿಸುವ ಆಯ್ಕೆ ಕೊಟ್ಟರೆ ಈ ಅಡಗಿದ ವಾಲ್ಯೂಮ್‌ಗಳು ಚೌಕ ಆವರಣದಲ್ಲಿ ಕಾಣುತ್ತವೆ.

ಎಲ್‌ಎಸ್‌ಬಿಎಲ್‌ಕೆ, ಪಿವಿಎಸ್, ವಿಜಿಎಸ್, ಎಲ್‌ವಿಎಸ್ ಮತ್ತು ಡಿಎಫ್, ಈ ಐದರ ಫಲಿತಾಂಶವನ್ನು ಒಂದು ಕಡತಕ್ಕೆ ಬರೆದು ಬೇರೆ ಕಂಪ್ಯೂಟರ್‌ಗೆ ನಕಲಿಸಿಕೊಳ್ಳಿ. ನಡುರಾತ್ರಿಯಲ್ಲಿ ಏನಾದರೂ ಎಡವಟ್ಟಾದಾಗ ಮೊದಲು ಹೇಗಿತ್ತು ಎಂದು ತೋರಿಸುವುದು ಆ ಕಡತ ಮಾತ್ರ.

ನಿಜವಾಗಿಯೂ ಹಂಚಿಕೆ ಬದಲಾಗಬೇಕೇ?

ರೂಟ್ ತುಂಬಿತು ಎಂದು ಬರುವ ದೂರುಗಳಲ್ಲಿ ಹಲವಕ್ಕೆ ಕಾರಣ ರೂಟ್ ಚಿಕ್ಕದಾಗಿರುವುದಲ್ಲ. ಲೋಕಲ್ ಎಂಬ ಸಂಗ್ರಹವು ರೂಟ್‌ನ ಒಳಗೇ, ವಾರ್ ಡೈರೆಕ್ಟರಿಯ ಅಡಿಯಲ್ಲಿ ಇರುವುದರಿಂದ ಅಲ್ಲಿ ಹಳೆಯ ಐಎಸ್‌ಒ ಕಡತಗಳೂ ಬ್ಯಾಕಪ್‌ಗಳೂ ಗುಡ್ಡೆ ಬಿದ್ದಿರುತ್ತವೆ. ಹಳೆಯ ಕರ್ನಲ್‌ಗಳು ಮತ್ತು ಬೆಳೆದ ಜರ್ನಲ್ ಲಾಗ್‌ಗಳು ಒಂದಷ್ಟು ಜಾಗ ತಿನ್ನುತ್ತವೆ.

ಇವೆಲ್ಲಕ್ಕಿಂತ ಮೋಸಗಾರ ಕಾರಣ ಇನ್ನೊಂದಿದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಕಚೇರಿಯ ಸರ್ವರ್‌ನಲ್ಲಿ ರೂಟ್ ಶೇ. 100 ತುಂಬಿತ್ತು, ಆದರೆ ಡಿಯು ಆಜ್ಞೆಯಿಂದ ಎಣಿಸಿದರೆ 12 ಜಿಬಿಗಿಂತ ಹೆಚ್ಚು ಲೆಕ್ಕ ಸಿಗುತ್ತಿರಲಿಲ್ಲ. ಬ್ಯಾಕಪ್‌ಗೆಂದು ಜೋಡಿಸಿದ್ದ ಹೊರಗಿನ ಡಿಸ್ಕ್ ಒಂದು ರಾತ್ರಿ ಮೌಂಟ್ ಆಗಿರಲಿಲ್ಲ, ಅಂದರೆ ತನ್ನ ಡೈರೆಕ್ಟರಿಗೆ ಜೋಡಣೆಯಾಗಿರಲಿಲ್ಲ. ಆ ರಾತ್ರಿಯ ಬ್ಯಾಕಪ್ ಖಾಲಿ ಮೌಂಟ್ ಡೈರೆಕ್ಟರಿಗೇ, ಅಂದರೆ ರೂಟ್‌ಗೇ, ಬರೆದುಕೊಂಡಿತ್ತು. ಬೆಳಿಗ್ಗೆ ಡಿಸ್ಕ್ ಮತ್ತೆ ಮೌಂಟ್ ಆದ ಕೂಡಲೇ ಆ ಕಡತಗಳು ಅದರ ಕೆಳಗೆ ಮರೆಯಾದವು. ರೂಟ್ ಅನ್ನು ಇನ್ನೊಂದು ಖಾಲಿ ಡೈರೆಕ್ಟರಿಗೆ ಬೈಂಡ್ ಮೌಂಟ್ ಮಾಡಿ ಅಲ್ಲಿಂದ ಎಣಿಸಿದಾಗ ಮಾತ್ರ ಅವು ಕಣ್ಣಿಗೆ ಬಿದ್ದವು. ಅಳಿಸಿದೆ, ಕೆಲಸ ಮುಗಿಯಿತು, ಯಾವ ಪಾರ್ಟಿಷನ್ನನ್ನೂ ಮುಟ್ಟಬೇಕಾಗಲಿಲ್ಲ. ಪ್ರಾಕ್ಸ್‌ಮಾಕ್ಸ್‌ನ ಸಂಗ್ರಹ ಸಂರಚನೆಯಲ್ಲಿ ಈಸ್-ಮೌಂಟ್‌ಪಾಯಿಂಟ್ ಎಂಬ ಆಯ್ಕೆಯಿದೆ. ಅದನ್ನು ಹೌದು ಎಂದು ಇಟ್ಟರೆ, ಡಿಸ್ಕ್ ಮೌಂಟ್ ಆಗದಿದ್ದಾಗ ಆ ಸಂಗ್ರಹವೇ ನಿಷ್ಕ್ರಿಯವಾಗುತ್ತದೆ, ಬ್ಯಾಕಪ್ ತಪ್ಪು ಜಾಗಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಜಾಗ ಸಾಲದು ಎಂದಾದರೆ ಮುಂದುವರಿಯಿರಿ.

ಮೊದಲು ರಕ್ಷಣೆ

ಪ್ರತಿ ವಿಎಂ ಮತ್ತು ಕಂಟೈನರ್‌ನ (ಸರ್ವರ್‌ನ ಕರ್ನಲನ್ನೇ ಬಳಸುವ ಹಗುರ ರೂಪ) ಪೂರ್ಣ ಬ್ಯಾಕಪ್ ಈ ಸರ್ವರ್‌ನ ಹೊರಗೆ ಇರಬೇಕು. ಅವುಗಳಲ್ಲಿ ಕನಿಷ್ಠ ಒಂದನ್ನಾದರೂ ಬೇರೆ ಸಂಖ್ಯೆ ಕೊಟ್ಟು ಮರಳಿಸಿ, ನೆಟ್‌ವರ್ಕ್ ಕಡಿದು ಬೂಟ್ ಮಾಡಿ ನೋಡಿ. ಮರಳಿಸಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದರ ಜೊತೆಗೆ ಹೋಸ್ಟ್‌ನದೇ, ಅಂದರೆ ಈ ಸರ್ವರ್‌ನದೇ, ಮೂರು ಸಂಗತಿಗಳನ್ನು ಹೊರಗೆ ತೆಗೆದಿಡಿ. ಒಂದು, ವಿಎಂಗಳ ಸಂರಚನೆಗಳಿರುವ ಈಟಿಸಿಯ ಒಳಗಿನ ಪಿವಿಇ ಡೈರೆಕ್ಟರಿ. ಇದು ಸಾಮಾನ್ಯ ಡೈರೆಕ್ಟರಿಯಂತೆ ಕಂಡರೂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಿಂದ ಮೂಡುವ ನೋಟವಾದ್ದರಿಂದ, ಹೋಸ್ಟ್ ಓಡದೆ ರೆಸ್ಕ್ಯೂ ಮಾಧ್ಯಮದಿಂದ ಬೂಟ್ ಆದಾಗ ಖಾಲಿಯಾಗಿ ಕಾಣುತ್ತದೆ. ಆದ್ದರಿಂದ ಸರ್ವರ್ ಓಡುತ್ತಿರುವಾಗಲೇ ಟಾರ್ ಮಾಡಿಟ್ಟುಕೊಳ್ಳಬೇಕು. ಎರಡು, ಎಸ್‌ಜಿಡಿಸ್ಕ್ ಮೂಲಕ ಪಾರ್ಟಿಷನ್ ಕೋಷ್ಟಕದ ನಕಲು. ಮೂರು, ವಿಜಿಸಿಎಫ್‌ಜಿಬ್ಯಾಕಪ್ ಮೂಲಕ ಎಲ್‌ವಿಎಂನ ವಿವರಣೆ.

ಮೂರನೆಯದರ ಬಗ್ಗೆ ಒಂದು ಮಾತು ಹೇಳಬೇಕು. ತಪ್ಪಾಗಿ ಒಂದು ವಾಲ್ಯೂಮ್ಮನ್ನು ಕುಗ್ಗಿಸಿದ ತಕ್ಷಣ, ಇನ್ನೇನನ್ನೂ ಬರೆಯುವ ಮೊದಲು, ಹಳೆಯ ಎಲ್‌ವಿಎಂ ವಿವರಣೆಯನ್ನು ಮರಳಿಸಿದರೆ ಡೇಟಾ ಹಾಗೆಯೇ ಸಿಗುವುದುಂಟು. ಆದರೆ ಥಿನ್ ಪೂಲ್ ಇರುವ ಗ್ರೂಪ್‌ನಲ್ಲಿ ಈ ಮರಳಿಕೆಗೆ ಎಲ್‌ವಿಎಂ ಸುಮ್ಮನೆ ಒಪ್ಪುವುದಿಲ್ಲ, ಬಲವಂತದ ಆಯ್ಕೆ ಕೇಳುತ್ತದೆ, ಏಕೆಂದರೆ ಪೂಲ್‌ನ ಒಳಗಿನ ಮೆಟಾಡೇಟಾ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಎಲ್‌ವಿಎಂ ಸಂರಚನೆಯಲ್ಲಿ ಇಶ್ಯೂ-ಡಿಸ್ಕಾರ್ಡ್ಸ್ ಎಂಬ ಸಾಲು 1 ಎಂದಿದ್ದರೆ, ಬಿಟ್ಟುಕೊಟ್ಟ ಜಾಗವನ್ನು ಎಸ್‌ಎಸ್‌ಡಿ ಆ ಕ್ಷಣವೇ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ, ಆಗ ಹಿಂದಿರುಗುವ ದಾರಿ ಮುಚ್ಚಿದಂತೆಯೇ. ಕೆಲಸ ಶುರುಮಾಡುವ ಮೊದಲು ಆ ಸಾಲನ್ನು ನೋಡಿ, ಅಷ್ಟು ಹೊತ್ತಿಗೆ 0 ಮಾಡಿಡುವುದು ಲೇಸು.

ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾಡುವವರು ಎಲ್ಲವನ್ನೂ ಟಿಮಕ್ಸ್ ಒಳಗೆ ನಡೆಸಿ. ಸಂಪರ್ಕ ಕಡಿದರೂ ಕೆಲಸ ನಡುವೆ ನಿಲ್ಲುವುದಿಲ್ಲ.

ಕ್ರಮವೊಂದು ತಪ್ಪಬಾರದು

ಡಿಸ್ಕ್, ಅದರೊಳಗೆ ಪಾರ್ಟಿಷನ್, ಅದರೊಳಗೆ ಫಿಸಿಕಲ್ ವಾಲ್ಯೂಮ್, ಅದರ ಮೇಲೆ ಲಾಜಿಕಲ್ ವಾಲ್ಯೂಮ್, ಅದರೊಳಗೆ ಫೈಲ್ ಸಿಸ್ಟಂ, ಹೀಗೆ ಒಂದರೊಳಗೊಂದು ಡಬ್ಬಿಗಳಿವೆ ಎಂದುಕೊಳ್ಳಿ. ಹಿಗ್ಗಿಸುವಾಗ ಹೊರಗಿನ ಡಬ್ಬಿಯಿಂದ ಒಳಕ್ಕೆ ಬರಬೇಕು, ಕುಗ್ಗಿಸುವಾಗ ಒಳಗಿನದರಿಂದ ಹೊರಕ್ಕೆ ಹೋಗಬೇಕು. ಒಳಗಿನ ಫೈಲ್ ಸಿಸ್ಟಂ ಇನ್ನೂ 96 ಜಿಬಿ ಇರುವಾಗ ಹೊರಗಿನ ವಾಲ್ಯೂಮ್ಮನ್ನು 40 ಜಿಬಿಗೆ ಕತ್ತರಿಸಿದರೆ, ಕತ್ತರಿ ಬೀಳುವುದು ಡೇಟಾ ಮೇಲೆ.

ಎಲ್‌ವಿಎಂ ಇರುವುದರಿಂದ ಒಂದು ದೊಡ್ಡ ಅನುಕೂಲವೂ ಇದೆ. ಪಾರ್ಟಿಷನ್ ಡಿಸ್ಕ್ ಮೇಲೆ ಅಖಂಡವಾಗಿರಲೇಬೇಕು, ಲಾಜಿಕಲ್ ವಾಲ್ಯೂಮ್‌ಗೆ ಆ ಕಟ್ಟುಪಾಡಿಲ್ಲ. ಅದು ಸಾಮಾನ್ಯವಾಗಿ 4 ಎಂಬಿಯ ತುಂಡುಗಳಿಂದ ಆಗಿರುತ್ತದೆ, ಮತ್ತು ರೂಟ್‌ನ ಮುಂದಿನ ತುಂಡು ಡಿಸ್ಕ್‌ನ ಇನ್ನೊಂದು ತುದಿಯಲ್ಲಿದ್ದರೂ ಸರಿ. ಹಾಗಾಗಿ ಒಂದೇ ಡಿಸ್ಕ್ ಇರುವ ಸರ್ವರ್‌ನಲ್ಲಿ ಬಹುಪಾಲು ಬದಲಾವಣೆಗಳಿಗೆ ಪಾರ್ಟಿಷನ್ ಕೋಷ್ಟಕವನ್ನು ತೆರೆಯಬೇಕಾದ ಪ್ರಮೇಯವೇ ಬರುವುದಿಲ್ಲ.

ರೂಟ್ ಹಿಗ್ಗಿಸುವುದು: ಸುಲಭದ ದಾರಿ

ಯಾರಿಗೂ ಸೇರದ ಆ 16 ಜಿಬಿ ಇದ್ದರೆ ಒಂದೇ ಆಜ್ಞೆ ಸಾಕು. ಎಲ್‌ವಿಎಕ್ಸ್‌ಟೆಂಡ್‌ಗೆ ರೂಟ್ ವಾಲ್ಯೂಮ್‌ನ ಹೆಸರು, ಕೂಡಿಸಬೇಕಾದ 10 ಜಿಬಿ ಮತ್ತು ಫೈಲ್ ಸಿಸ್ಟಮ್ಮನ್ನೂ ಹಿಗ್ಗಿಸುವ ಆಯ್ಕೆಯನ್ನು ಕೊಟ್ಟರೆ, ಎಕ್ಸ್‌ಟಿ4 ಮೌಂಟ್ ಆಗಿರುವಾಗಲೇ ಹಿಗ್ಗುತ್ತದೆ. ವಿಎಂಗಳಿಗೆ ಸುಳಿವೂ ಸಿಗುವುದಿಲ್ಲ. ಅಳತೆಯ ಮುಂದೆ ಕೂಡಿಸುವ ಚಿಹ್ನೆ ಹಾಕುವುದನ್ನು ಮರೆಯಬೇಡಿ. ಚಿಹ್ನೆಯಿದ್ದರೆ ಇಷ್ಟು ಸೇರಿಸು ಎಂದರ್ಥ, ಇಲ್ಲದಿದ್ದರೆ ಒಟ್ಟು ಇಷ್ಟಾಗಲಿ ಎಂದರ್ಥ.

ಉಳಿದ 6 ಜಿಬಿಯನ್ನು ಮುಟ್ಟದೆ ಬಿಡಿ ಎಂದು ನಾನು ಹೇಳುತ್ತೇನೆ. ಥಿನ್ ಪೂಲ್‌ನ ಮೆಟಾಡೇಟಾ ತುಂಬಿದ ದಿನ ಅದನ್ನು ಹಿಗ್ಗಿಸಲು ಎಲ್ಲಾದರೂ ಒಂದಿಷ್ಟು ಜಾಗ ಇರಲೇಬೇಕು.

ಖಾಲಿ ಜಾಗವೇ ಇಲ್ಲದಿದ್ದರೆ ಸ್ವಾಪ್‌ನಿಂದ ಸ್ವಲ್ಪ ಕಿತ್ತುಕೊಳ್ಳಬಹುದು. ಮೆಮರಿಯಲ್ಲಿ ಸಾಕಷ್ಟು ಜಾಗವಿದೆ ಎಂದು ಖಚಿತಪಡಿಸಿಕೊಂಡು ಸ್ವಾಪ್‌ಆಫ್ ಮಾಡಿ, ವಾಲ್ಯೂಮ್ಮನ್ನು 8 ರಿಂದ 4 ಜಿಬಿಗೆ ಇಳಿಸಿ, ಎಂಕೆಸ್ವಾಪ್ ಓಡಿಸಿ, ಮತ್ತೆ ಸ್ವಾಪ್‌ಆನ್ ಮಾಡಿ. ಸ್ವಾಪ್‌ನಲ್ಲಿ ಉಳಿಸಿಕೊಳ್ಳಬೇಕಾದ ಡೇಟಾ ಇಲ್ಲದ್ದರಿಂದ ಇಲ್ಲಿ ಒಳಗಿನಿಂದ ಹೊರಕ್ಕೆ ಎಂಬ ನಿಯಮದ ಚಿಂತೆಯಿಲ್ಲ. ಎಂಕೆಸ್ವಾಪ್ ಹೊಸ ಯುಯುಐಡಿ (ಗುರುತಿನ ಸಂಖ್ಯೆ) ಕೊಡುತ್ತದೆ. ಬೂಟ್ ಆಗುವಾಗ ಏನೇನನ್ನು ಜೋಡಿಸಬೇಕೆಂದು ಹೇಳುವ ಪ್ರಾಕ್ಸ್‌ಮಾಕ್ಸ್‌ನ ಎಫ್‌ಎಸ್‌ಟ್ಯಾಬ್ ಕಡತ ಸ್ವಾಪ್ಪನ್ನು ಅದರ ವಾಲ್ಯೂಮ್ ಹೆಸರಿನಿಂದಲೇ ಗುರುತಿಸುವುದರಿಂದ ತೊಂದರೆಯಾಗದು, ಆದರೆ ಹಿಂದೆ ಯಾರಾದರೂ ಅದನ್ನು ಯುಯುಐಡಿಗೆ ಬದಲಿಸಿದ್ದರೆ ತಿದ್ದಬೇಕಾಗುತ್ತದೆ.

ಥಿನ್ ಪೂಲ್‌ನಿಂದ ಜಾಗ ಪಡೆಯುವುದು: ಕಷ್ಟದ ದಾರಿ

ರೂಟ್‌ಗೆ ಇನ್ನೂ 100 ಜಿಬಿ ಬೇಕು, ಇರುವ ಜಾಗವೆಲ್ಲ ಡೇಟಾ ಪೂಲ್‌ನಲ್ಲಿದೆ, ಅದರಲ್ಲಿ ಅರ್ಧವೂ ಬಳಕೆಯಾಗಿಲ್ಲ. ಹಾಗಾದರೆ ಪೂಲ್ಲನ್ನು ಕುಗ್ಗಿಸೋಣ ಎಂದು ಎಲ್‌ವಿರೆಡ್ಯೂಸ್ ಓಡಿಸಿದರೆ, ಥಿನ್ ಪೂಲ್‌ಗಳನ್ನು ಇನ್ನೂ ಕುಗ್ಗಿಸಲಾಗದು ಎಂಬ ಉತ್ತರ ಬರುತ್ತದೆ. ಪೂಲ್‌ನ ಒಳಗೆ ಬಳಕೆಯಾದ ತುಂಡುಗಳು ಉದ್ದಕ್ಕೂ ಚೆದುರಿರುತ್ತವೆ, ಅವನ್ನು ಒಂದು ಬದಿಗೆ ಸರಿಸುವ ಏರ್ಪಾಡು ಅಲ್ಲಿಲ್ಲ. ಇರುವ ದಾರಿ ಒಂದೇ: ಪೂಲ್‌ನಲ್ಲಿರುವುದನ್ನೆಲ್ಲ ಹೊರಗೆ ಸಾಗಿಸಿ, ಪೂಲ್ಲನ್ನು ಅಳಿಸಿ, ಚಿಕ್ಕದಾಗಿ ಮತ್ತೆ ಕಟ್ಟಿ, ಎಲ್ಲವನ್ನೂ ಒಳಗೆ ತರುವುದು. ಕೇಳಲು ಭಯವಾದರೂ ವಿಎಂಗಳು ಬಹುತೇಕ ಓಡುತ್ತಿರುವಾಗಲೇ ಇದನ್ನು ಮಾಡಬಹುದು.

ಮೊದಲು ತಾತ್ಕಾಲಿಕ ಸಂಗ್ರಹವೊಂದನ್ನು ಜೋಡಿಸಿ. ಎನ್‌ಎಫ್‌ಎಸ್ ಆಗಬಹುದು, ಸರ್ವರ್‌ಗೆ ಸಿಕ್ಕಿಸಿದ ಇನ್ನೊಂದು ಎಸ್‌ಎಸ್‌ಡಿ ಆಗಬಹುದು. ವಿಎಂಗಳು ಕೆಲವು ಗಂಟೆ ಅದರ ಮೇಲೆಯೇ ಓಡಬೇಕಾದ್ದರಿಂದ ಅದರ ವೇಗ ಸಾಧಾರಣವಾಗಿಯಾದರೂ ಇರಲಿ.

ನಂತರ ವಿಎಂಗಳ ಹಿಂದಿನ ಸ್ಥಿತಿಯನ್ನು ಹಿಡಿದಿಟ್ಟ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ಸ್ನ್ಯಾಪ್‌ಶಾಟ್ ಇರುವ ಡಿಸ್ಕನ್ನು ಮೂಲವನ್ನು ಅಳಿಸುತ್ತಾ ಸಾಗಿಸಲು ಪ್ರಾಕ್ಸ್‌ಮಾಕ್ಸ್ ಬಿಡುವುದಿಲ್ಲ. ವರ್ಷದ ಹಿಂದೆ ಅಪ್‌ಡೇಟ್‌ಗೆ ಮುಂಚೆ ಎಂದು ಹೆಸರಿಟ್ಟು ಮರೆತ ಸ್ನ್ಯಾಪ್‌ಶಾಟ್‌ಗಳು ಇಲ್ಲಿ ಹೊರಬರುತ್ತವೆ. ಅವನ್ನು ಅಳಿಸಿದಾಗಲೇ ಪೂಲ್‌ನಲ್ಲಿ ಎಷ್ಟೋ ಜಾಗ ಬಿಡುಗಡೆಯಾಗುವುದನ್ನೂ ಕಾಣುವಿರಿ.

ಈಗ ಒಂದೊಂದೇ ವಿಎಂನ ಹಾರ್ಡ್‌ವೇರ್ ಪುಟದಲ್ಲಿ ಡಿಸ್ಕ್ ಆರಿಸಿ, ಸಂಗ್ರಹ ಬದಲಿಸುವ ಆಯ್ಕೆಯಿಂದ ಅದನ್ನು ತಾತ್ಕಾಲಿಕ ಸಂಗ್ರಹಕ್ಕೆ ಸಾಗಿಸಿ. ಓಡುತ್ತಿರುವ ವಿಎಂನ ಡಿಸ್ಕನ್ನು, ವಿಎಂಗಳನ್ನು ಓಡಿಸುವ ಕ್ಯುಎಂಯು ಕನ್ನಡಿಯಂತೆ ನಕಲಿಸುತ್ತಾ, ಎರಡೂ ಸರಿಸಮವಾದಾಗ ಹೊಸದಕ್ಕೆ ಹಾರುತ್ತದೆ. ಕಂಟೈನರ್‌ಗಳಿಗೆ ಈ ಸೌಲಭ್ಯವಿಲ್ಲ, ಅವನ್ನು ನಿಲ್ಲಿಸಿಯೇ ಸಾಗಿಸಬೇಕು. ವಿಂಡೋಸ್ 11 ವಿಎಂಗಳಲ್ಲಿರುವ ಟಿಪಿಎಂ (ಭದ್ರತಾ ಚಿಪ್‌ನ ಅನುಕರಣೆ) ಡಿಸ್ಕ್ ಕೂಡ ವಿಎಂ ನಿಂತಾಗ ಮಾತ್ರ ಸರಿಯುತ್ತದೆ. ವಿಎಂಗೆ ಆರಂಭದ ಸಂರಚನೆ ಕೊಡುವ ಕ್ಲೌಡ್-ಇನಿಟ್ ಡ್ರೈವನ್ನು ಈ ಪುಟದಿಂದ ಸಾಗಿಸಲು ಬರುವುದಿಲ್ಲ, ತೆಗೆದುಹಾಕಿ ಆಮೇಲೆ ಮತ್ತೆ ಸೇರಿಸಬೇಕು. ಟೆಂಪ್ಲೇಟ್‌ಗಳನ್ನೂ, ಬಳಕೆಯಲ್ಲಿಲ್ಲ ಎಂಬ ಪಟ್ಟಿಯಲ್ಲಿ ಉಳಿದ ಡಿಸ್ಕ್‌ಗಳನ್ನೂ ಬಿಡಬೇಡಿ. ಎರಡು ಡಿಸ್ಕ್‌ಗಳನ್ನು ಒಟ್ಟಿಗೆ ಸಾಗಿಸಿ ಸಮಯ ಉಳಿಸುವ ಆಸೆ ಬೇಡ, ಇಡೀ ಸರ್ವರ್ ತೆವಳತೊಡಗುತ್ತದೆ.

ಎಲ್ಲ ಮುಗಿದ ಮೇಲೆ ಎಲ್‌ವಿಎಸ್ ಓಡಿಸಿ. ಪಿವಿಇ ಗ್ರೂಪ್‌ನಲ್ಲಿ ರೂಟ್, ಸ್ವಾಪ್, ಡೇಟಾ ಬಿಟ್ಟು ಮತ್ತೇನೂ ಕಾಣಬಾರದು, ಡೇಟಾ ಪೂಲ್‌ನ ಬಳಕೆ ಸೊನ್ನೆಯಾಗಿರಬೇಕು. ಒಂದೇ ಒಂದು ಸಾಲು ಉಳಿದಿದ್ದರೂ ಅದು ಯಾರದು ಎಂದು ತಿಳಿಯುವವರೆಗೆ ಮುಂದಕ್ಕೆ ಹೋಗಬೇಡಿ. ಎಲ್‌ವಿರಿಮೂವ್‌ಗೆ ಹೌದು ಎಂದು ಉತ್ತರಿಸುವ ಮೊದಲು ಪೂಲ್‌ನ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಅಭ್ಯಾಸ. ಪಕ್ಕದಲ್ಲಿದ್ದವರು ನಗುತ್ತಾರೆ, ನಗಲಿ.

ಪೂಲ್ ಅಳಿಸಿದ ಮೇಲೆ ರೂಟ್‌ಗೆ 100 ಜಿಬಿಯನ್ನು ಮೇಲೆ ಹೇಳಿದಂತೆಯೇ ಕೂಡಿಸಿ. ಇಲ್ಲಿ ಇನ್ನೊಂದು ಪರ್ಯಾಯವನ್ನೂ ಯೋಚಿಸಬಹುದು. ರೂಟ್ಟನ್ನು ಹಿಗ್ಗಿಸುವ ಬದಲು 100 ಜಿಬಿಯ ಪ್ರತ್ಯೇಕ ಲಾಜಿಕಲ್ ವಾಲ್ಯೂಮ್ ಮಾಡಿ, ಅದನ್ನು ಐಎಸ್‌ಒ ಮತ್ತು ಬ್ಯಾಕಪ್‌ಗಳ ಡೈರೆಕ್ಟರಿಯ ಮೇಲೆ ಮೌಂಟ್ ಮಾಡಿದರೆ, ನಾಳೆ ಬ್ಯಾಕಪ್‌ಗಳು ಉಕ್ಕಿದರೂ ರೂಟ್ ಉಸಿರಾಡುತ್ತಿರುತ್ತದೆ. ನನ್ನ ಒಲವು ಇದರ ಕಡೆಗೇ.

ಬಳಿಕ ಎಲ್‌ವಿಕ್ರಿಯೇಟ್ ಮೂಲಕ ಹೊಸ ಥಿನ್ ಪೂಲ್ ಕಟ್ಟಿ. ಹೆಸರು ಮೊದಲಿನಂತೆ ಡೇಟಾ ಎಂದೇ ಇರಲಿ. ಸಂಗ್ರಹ ಸಂರಚನೆಯು ಪೂಲ್ಲನ್ನು ಹೆಸರಿನಿಂದ ಮಾತ್ರ ಗುರುತಿಸುವುದರಿಂದ ಲೋಕಲ್-ಎಲ್‌ವಿಎಂ ತಾನಾಗಿ ಮತ್ತೆ ಜೀವ ಪಡೆಯುತ್ತದೆ. ಮೆಟಾಡೇಟಾ ಅಳತೆಯನ್ನು ಕೈಯಾರೆ ಕೊಡಿ. ಸ್ನ್ಯಾಪ್‌ಶಾಟ್‌ಗಳನ್ನು ಹೆಚ್ಚು ಬಳಸುವವರು ಕೆಲವು ಜಿಬಿ ಕೊಡುವುದು ಒಳ್ಳೆಯದು, 16 ಜಿಬಿಗಿಂತ ಹೆಚ್ಚಿಗೆ ಅದು ಬೆಳೆಯಲಾರದು. ಗ್ರೂಪ್‌ನಲ್ಲಿ ಕನಿಷ್ಠ 16 ಜಿಬಿ ಮತ್ತೆ ಖಾಲಿ ಬಿಡಿ.

ಡಿಸ್ಕ್‌ಗಳನ್ನು ಹಿಂದಕ್ಕೆ ತರುವಾಗ ಒಂದು ವಿಚಿತ್ರ ಕಾಣಬಹುದು. ಮೊದಲು 30 ಜಿಬಿ ಬಳಸುತ್ತಿದ್ದ 100 ಜಿಬಿ ಡಿಸ್ಕ್ ಈಗ ಪೂರ್ತಿ 100 ಜಿಬಿ ಆಕ್ರಮಿಸಿರುತ್ತದೆ. ಓಡುತ್ತಿರುವಾಗ ನಡೆಯುವ ಕನ್ನಡಿ ನಕಲು ಖಾಲಿ ಜಾಗವನ್ನೂ ಬರೆದುಬಿಡುವುದುಂಟು. ಡಿಸ್ಕ್‌ನ ಡಿಸ್ಕಾರ್ಡ್ ಆಯ್ಕೆಯನ್ನು ಆನ್ ಮಾಡಿ, ವಿಎಂ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಜಾಗ ಮರಳುತ್ತದೆ. ವಿಎಂ ಒಳಗೆ ಓಡುವ ಸಹಾಯಕ ತಂತ್ರಾಂಶವಾದ ಗೆಸ್ಟ್ ಏಜೆಂಟ್ ಇದ್ದರೆ, ಡಿಸ್ಕ್ ಸಾಗಿಸಿದ ಕೂಡಲೇ ಟ್ರಿಮ್ ಮಾಡು ಎಂಬ ಆಯ್ಕೆಯೂ ಅದರ ಸಂರಚನೆಯಲ್ಲಿದೆ. ಪೂಲ್ ಈಗ ಚಿಕ್ಕದಾಗಿದೆ ಎಂಬುದನ್ನು ಮರೆಯದೆ ಒಂದೊಂದು ವಿಎಂ ಬಂದ ಮೇಲೂ ಟ್ರಿಮ್ ಮಾಡಿ, ಬಳಕೆಯನ್ನು ನೋಡಿ ಮುಂದಿನದನ್ನು ತನ್ನಿ.

ರೂಟ್ ಕುಗ್ಗಿಸಿ ಪೂಲ್‌ಗೆ ಕೊಡುವುದು

ಇದು ತಿರುಗುಮುರುಗಿನ ಸಂದರ್ಭ. ಎಕ್ಸ್‌ಟಿ4 ಮೌಂಟ್ ಆಗಿರುವಾಗ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ, ಆದ್ದರಿಂದ ಸರ್ವರ್ ನಿಲ್ಲಿಸಲೇಬೇಕು. ಎಕ್ಸ್‌ಎಫ್‌ಎಸ್ ಮೇಲೆ ಸ್ಥಾಪಿಸಿದ್ದರೆ ಈ ಭಾಗವನ್ನು ಓದುವುದೇ ಬೇಡ, ಅದನ್ನು ಕುಗ್ಗಿಸಲು ಬರುವುದಿಲ್ಲ.

ಡೆಬಿಯನ್ ಲೈವ್ ಅಥವಾ ಅಂಥ ಯಾವುದಾದರೂ ಯುಎಸ್‌ಬಿಯಿಂದ ಬೂಟ್ ಮಾಡಿ, ವಿಜಿಚೇಂಜ್ ಮೂಲಕ ಗ್ರೂಪ್ಪನ್ನು ಸಕ್ರಿಯಗೊಳಿಸಿ, ರೂಟ್ಟನ್ನು ಮೌಂಟ್ ಮಾಡದೆ ಇ2ಎಫ್‌ಎಸ್‌ಸಿಕೆ ಬಲವಂತದ ತಪಾಸಣೆ ಓಡಿಸಿ. ಅದು ದೋಷವಿಲ್ಲ ಎಂದ ಮೇಲೆ ಎಲ್‌ವಿರೆಡ್ಯೂಸ್‌ಗೆ ಫೈಲ್ ಸಿಸ್ಟಮ್ಮನ್ನೂ ಜೊತೆಗೆ ಕುಗ್ಗಿಸುವ ಆಯ್ಕೆ ಕೊಟ್ಟು, ಒಟ್ಟು ಅಳತೆ 40 ಜಿಬಿ ಎಂದು ಹೇಳಿ. ಆ ಆಯ್ಕೆಯನ್ನು ಬಿಟ್ಟರೆ ಮೇಲೆ ಹೇಳಿದ ಕತ್ತರಿಯ ಪ್ರಸಂಗವೇ ನಡೆಯುತ್ತದೆ. ಎರಡು ಹೆಜ್ಜೆಗಳನ್ನು ಕೈಯಾರೆ ಮಾಡಬಯಸುವವರು ಮೊದಲು ರಿಸೈಜ್2ಎಫ್‌ಎಸ್‌ನಿಂದ 38 ಜಿಬಿಗೆ ಇಳಿಸಿ, ವಾಲ್ಯೂಮ್ಮನ್ನು 40 ಜಿಬಿಗೆ ಕತ್ತರಿಸಿ, ಕೊನೆಗೆ ಅಳತೆ ಕೊಡದೆ ರಿಸೈಜ್2ಎಫ್‌ಎಸ್ ಓಡಿಸಿದರೆ ಅದು ತಾನೇ ಅಂಚಿನವರೆಗೆ ಹಿಗ್ಗುತ್ತದೆ. ಆ 2 ಜಿಬಿ ಅಂತರ ಲೆಕ್ಕದ ತಪ್ಪಿನಿಂದ ಕಾಪಾಡುತ್ತದೆ. ಮತ್ತೊಮ್ಮೆ ತಪಾಸಣೆ ಮಾಡಿ ಬೂಟ್ ಮಾಡಿ. ಬಿಡುಗಡೆಯಾದ 56 ಜಿಬಿಯನ್ನು ಡೇಟಾ ಪೂಲ್‌ಗೆ ಎಲ್‌ವಿಎಕ್ಸ್‌ಟೆಂಡ್ ಮೂಲಕ ಸೇರಿಸುವುದು ವಿಎಂಗಳು ಓಡುತ್ತಿರುವಾಗಲೇ ಆಗುತ್ತದೆ.

ಡಿಸ್ಕೇ ದೊಡ್ಡದಾದಾಗ

ರೇಡ್ ನಿಯಂತ್ರಕದಲ್ಲಿ ಸಮೂಹವನ್ನು ಹಿಗ್ಗಿಸಿದ್ದರೆ ಮಾತ್ರ ಪಾರ್ಟಿಷನ್ ಕೋಷ್ಟಕದ ಸರದಿ ಬರುತ್ತದೆ. ಮೂರನೆಯ ಪಾರ್ಟಿಷನ್ನೇ ಕೊನೆಯದಾಗಿರುವುದು ನಮ್ಮ ಅದೃಷ್ಟ. ಹೊಸ ಅಳತೆಯನ್ನು ಓದುವಂತೆ ಕರ್ನಲ್‌ಗೆ ಹೇಳಿ, ಪಾರ್ಟಿಷನ್ ಕೋಷ್ಟಕದ (ಜಿಪಿಟಿ) ಎರಡನೆಯ ಪ್ರತಿ ಈಗ ಡಿಸ್ಕ್‌ನ ನಡುವೆ ಸಿಕ್ಕಿಕೊಂಡಿರುವುದರಿಂದ ಎಸ್‌ಜಿಡಿಸ್ಕ್ ಮೂಲಕ ಅದನ್ನು ಕೊನೆಗೆ ಸರಿಸಿ, ಪಾರ್ಟೆಡ್‌ನಿಂದ ಮೂರನೆಯ ಪಾರ್ಟಿಷನ್ನನ್ನು ಶೇ. 100ಕ್ಕೆ ಹಿಗ್ಗಿಸಿ, ಪಿವಿರಿಸೈಜ್ ಓಡಿಸಿ. ಎಫ್‌ಡಿಸ್ಕ್‌ನಲ್ಲಿ ಪಾರ್ಟಿಷನ್ ಅಳಿಸಿ ಮತ್ತೆ ಮಾಡುವ ಹಳೆಯ ವಿಧಾನ ಹಿಡಿದವರು ಆರಂಭದ ಸೆಕ್ಟರ್ ಕೂದಲೆಳೆಯಷ್ಟೂ ಬದಲಾಗದಂತೆ ನೋಡಿಕೊಳ್ಳಬೇಕು, ಮತ್ತು ಅಲ್ಲಿ ಎಲ್‌ವಿಎಂ ಸಹಿ ಇದೆ, ತೆಗೆಯಲೇ ಎಂದು ಅದು ಕೇಳಿದಾಗ ಬೇಡ ಎನ್ನಬೇಕು.

ಬೇರೆ ಹೊಸ ಡಿಸ್ಕ್ ಸೇರಿಸಿದ್ದರೆ ಅದನ್ನು ಪಿವಿಇ ಗ್ರೂಪ್‌ಗೆ ಕೂಡಿಸಬಹುದಾದರೂ ಹಾಗೆ ಮಾಡಬೇಡಿ. ಪೂಲ್ ಎರಡು ಡಿಸ್ಕ್‌ಗಳ ಮೇಲೆ ಹರಡಿದರೆ ಯಾವುದೊಂದು ಸತ್ತರೂ ಇಡೀ ಪೂಲ್ ಹೋಗುತ್ತದೆ. ಹೊಸ ಡಿಸ್ಕ್‌ಗೆ ಬೇರೆ ಗ್ರೂಪ್, ಬೇರೆ ಸಂಗ್ರಹ ಇರಲಿ.

ಕೊನೆಯ ಕೆಲಸಗಳು

ವಿಜಿಸಿಎಫ್‌ಜಿಬ್ಯಾಕಪ್ ಮತ್ತೊಮ್ಮೆ ಓಡಿಸಿ ಹೊರಗೆ ನಕಲಿಸಿ. ಇಶ್ಯೂ-ಡಿಸ್ಕಾರ್ಡ್ಸ್ ಸಾಲನ್ನು ಮೊದಲಿನಂತೆ ಮಾಡಿ. ಬಿಡುವಿನ ವೇಳೆ ನೋಡಿ ಸರ್ವರನ್ನು ಒಮ್ಮೆ ಪುನಃ ಬೂಟ್ ಮಾಡಿ. ಎಫ್‌ಎಸ್‌ಟ್ಯಾಬ್‌ನ ತಪ್ಪು ತಿಳಿಯುವುದು ಆಗಲೇ, ಅದು ನೀವು ಎದುರಿಗೆ ಇರುವಾಗಲೇ ತಿಳಿಯಲಿ. ತಾತ್ಕಾಲಿಕ ಸಂಗ್ರಹವನ್ನು ಒಂದು ವಾರವಾದರೂ ಅಳಿಸಬೇಡಿ.

ಥಿನ್ ಪೂಲ್ ಪೂರ್ತಿ ತುಂಬಿದರೆ ಬರಹಗಳು ಪೂರ್ವನಿಯೋಜಿತವಾಗಿ 60 ಸೆಕೆಂಡು ಕಾದು, ನಂತರ ದೋಷ ಹೇಳುತ್ತವೆ, ವಿಎಂಗಳು ಒಂದಾದ ಮೇಲೊಂದು ನಿಲ್ಲುತ್ತವೆ. ಎಲ್‌ವಿಎಂನಲ್ಲಿ ಪೂಲ್ ತಾನಾಗಿ ಹಿಗ್ಗುವ ಮಿತಿ ಪೂರ್ವನಿಯೋಜಿತವಾಗಿ 100 ಎಂದಿರುತ್ತದೆ, ಅಂದರೆ ಆ ಸೌಲಭ್ಯ ಮಲಗಿರುತ್ತದೆ. ಅದನ್ನು 80ಕ್ಕೆ ಇಳಿಸಿ, ಹಿಗ್ಗುವ ಪ್ರಮಾಣವನ್ನು ನಿಮ್ಮ ಖಾಲಿ ಜಾಗಕ್ಕೆ ಹೊಂದುವಂತೆ ಶೇ. 2ರ ಆಸುಪಾಸಿನಲ್ಲಿಡಿ. 700 ಜಿಬಿ ಪೂಲ್‌ಗೆ ಪೂರ್ವನಿಯೋಜಿತ ಶೇ. 20 ಎಂದರೆ 140 ಜಿಬಿ, ಅಷ್ಟು ಜಾಗ ಗ್ರೂಪ್‌ನಲ್ಲಿ ಇಲ್ಲದಿದ್ದರೆ ಹಿಗ್ಗುವ ಯತ್ನವೇ ವಿಫಲವಾಗುತ್ತದೆ. ಎಲ್‌ವಿಎಸ್ ತೋರಿಸುವ ಡೇಟಾ ಮತ್ತು ಮೆಟಾಡೇಟಾ ಶೇಕಡಾವಾರುಗಳೆರಡನ್ನೂ ಪ್ರತಿ ಗಂಟೆ ಓದಿ, ಯಾವುದೊಂದು 75 ದಾಟಿದರೂ ನಿಮಗೆ ಮಿಂಚಂಚೆ ಕಳಿಸುವ ಒಂದು ಚಿಕ್ಕ ಸ್ಕ್ರಿಪ್ಟನ್ನು, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ.